ಎಡಗೈಯ ಗೆರೆಗಳು

ಊರಿಗೊಂದು ಕೋಟೆ ಬಾಗಿಲಿದ್ದು, ಸಂಜೆಯಾದರೆ ಅದನ್ನು ಮುಚ್ಚುತ್ತಿದ್ದ ಕಾಲ. ಆ ಬಾಗಿಲ ಪಕ್ಕದ ಓಣಿಯಲ್ಲಿ ಒಂದು ಬೀಗದಂಗಡಿ. ಮುಂದೆ ಕೂತು ಗಿರಾಕಿಗಳೊಂದಿಗೆ ಹರಟುವವನು ಗಂಡ. ಹಲಗೆಯ ಮರೆಯಲ್ಲಿ ಕೂತು ಬೀಗ ಮಾಡುವವಳು ಹೆಂಡತಿ. ಅವಳಪ್ಪ, ಗಂಡುಮಕ್ಕಳಿಲ್ಲದ ಬೀಗದವ, ಮಗಳ ಕೈಗೇ ತನ್ನ ಸಣ್ಣ ಅರ ಕೊಟ್ಟು ಕಣ್ಣುಮುಚ್ಚಿದ್ದ. ಹೆಂಗಸು ಕಬ್ಬಿಣಕ್ಕೆ ಅರ ಹಾಕಿದರೆ ಹತಾರಗಳೆಲ್ಲ ಜಪ್ತಿ, ಮನೆಮಂದಿ ಊರಾಚೆ. ಇದು ಕಸುಬುದಾರರ ಸಂಘದ ಕಟ್ಟಳೆ. ಅದನ್ನು ಬರೆದ ಮಹಾಶಯರ ಮನೆಯ ತಿಜೋರಿಗಳೆಲ್ಲ ಅವಳ ಬೀಗವನ್ನೇ ನಂಬಿಕೊಂಡಿದ್ದವು, ಆ ಮಾತು ಬೇರೆ.

ಮದುವೆಯ ಮಾತೆತ್ತಿದವಳೂ ಅವಳೇ. ಆಗ ಅವನು ಪಕ್ಕದ ಓಣಿಯ ದರ್ಜಿ. ಒಂದೇ ಪೆಟ್ಟಿಗೆಯ ಬೀಗ ಕೆಟ್ಟಿತೆಂದು ಮೂರನೇ ಸಲ ಬಂದಾಗ ಅವಳು, "ಬೀಗ ನೀನೇ ಕೆಡಿಸ್ಕೊಂಡು ಬರ್ತಿದ್ದೀಯ. ಅದರ ಬದಲು ನನ್ನ ಮದುವೆಯಾಗಿ ಇಲ್ಲೇ ಇದ್ಬಿಡು" ಅಂದಳು. ಅವನು ಕಿವಿಯವರೆಗೂ ಕೆಂಪಾಗಿ, "ಅಡುಗೆ ಮಾತ್ರ ನಾನೇ ಮಾಡ್ತೀನಿ" ಅಂದ. ಅವಳ ಅಡುಗೆಯ ಸುದ್ದಿ ಅವನ ಕಿವಿಗೂ ಬಿದ್ದಿತ್ತೇನೋ.

ಹನ್ನೊಂದು ವರ್ಷ ಹಾಗೇ ನಡೆಯಿತು. ಸುಖವಿತ್ತು, ಸುಖದ ಬೆನ್ನಿಗೇ ಭಯವಿತ್ತು. ಗುರುತಿಲ್ಲದ ಹೆಜ್ಜೆಯ ಸದ್ದಾದರೆ ಅವಳ ಕೈ ನಿಂತುಬಿಡುತ್ತಿತ್ತು. ಅವಳು ಎಡಚಿ, ಅರದ ಗೆರೆಗಳು ಉಳಿದವರದಕ್ಕೆ ವಿರುದ್ಧವಾಗಿ ವಾಲುತ್ತಿದ್ದವು. ಅದಕ್ಕೇ ಪ್ರತಿ ಬೀಗದ ಕೈಯನ್ನೂ ಮರಳು ಹಾಕಿ ನುಣ್ಣಗೆ ಉಜ್ಜಿ ಕೊಡುವುದು ಗಂಡನ ಪಾಲಿನ ಕೆಲಸ. ಒಂದೇ ಒಂದು ಸಲ ಅವನು ಮರೆತ. ಅವಳು ಕೆಲಸದ ವೇಳೆ ಎದೆಗೆ ಕಟ್ಟಿಕೊಳ್ಳಲೆಂದು ಚರ್ಮದ ಹೊಸ ಮುಂಗವಚ ಹೊಲಿಯುವ ಗುಂಗಿನಲ್ಲಿ, ಸಂಘದ ಉಗ್ರಾಣದ ಬೀಗದ ಕೈಯನ್ನು ಉಜ್ಜದೆ ಕೊಟ್ಟುಬಿಟ್ಟ.

ಮರುದಿನ ಬೆಳಿಗ್ಗೆಯೇ ಸಂಘದ ತನಿಖೆಗಾರ ಇಬ್ಬರು ಕಾವಲುಗಾರರೊಂದಿಗೆ ಬಂದು, ಆ ಬೀಗದ ಕೈಯನ್ನು ಬೆಳಕಿಗೆ ಹಿಡಿದ. "ಇದು ಎಡಚರ ಕೆಲಸ. ಸಂಘದ ಪುಸ್ತಕದಲ್ಲಿ ನೀನು ಸಹಿ ಹಾಕಿದ್ದು ಬಲಗೈಯಲ್ಲಿ. ಎಲ್ಲಿ, ನನ್ನೆದುರು ಒಂದು ಮಾಡಿ ತೋರ್ಸು."

ಹಲಗೆಯ ಹಿಂದೆ ಅವಳು ಸಂದಿಗೆ ಕಣ್ಣಿಟ್ಟಳು. ಗಂಡ ಮುಂಗವಚ ಎತ್ತಿಕೊಂಡ. ಅದು ಅವಳ ಅಳತೆಗೆ ಹೊಲಿದದ್ದು. ಅವನ ಬೆನ್ನ ಹಿಂದೆ ದಾರದ ತುದಿಗಳು ಒಂದಕ್ಕೊಂದು ಮುಟ್ಟಲೇ ಇಲ್ಲ. ತನಿಖೆಗಾರ ಅದನ್ನೇ ನೋಡುತ್ತ ನಿಂತ. ಇನ್ನು ಅಡಗಿ ಕೂತರೆ ಸುಳ್ಳಿನ ಭಾರವೆಲ್ಲ ಅವನೊಬ್ಬನ ತಲೆಗೆ ಬರುತ್ತಿತ್ತು. ಅವಳು ಎದ್ದು ಬಂದಳು.

"ಕೊಡು ಇಲ್ಲಿ, ಅದು ನಂದು."

ಅವನು ಮುಂಗವಚ ಕಳಚಿ ಅವಳಿಗೆ ತೊಡಿಸಿ ಗಂಟು ಹಾಕಿದ. ಅವಳು ಎಡಗೈಯಲ್ಲಿ ಅರ ಹಿಡಿದಳು. ಮೊದಲ ಎರಡು ಎಳೆತ ಜಾರಿದವು, ಮೂರನೆಯದಕ್ಕೆ ಕೈ ತನ್ನ ದಾರಿ ಹಿಡಿಯಿತು. ಹೊಸ ಬೀಗದ ಕೈ ಬೀಗದೊಳಗೆ ಸಲೀಸಾಗಿ ತಿರುಗಿತು.

"ಹೆಂಡತಿ ಮೋಸ ಮಾಡಿದ್ಲು, ನನಗೇನೂ ಗೊತ್ತಿರ್ಲಿಲ್ಲ ಅಂತ ಬರ್ಕೊಡು" ಅಂದ ತನಿಖೆಗಾರ ಗಂಡನಿಗೆ. "ಅಂಗಡಿ ನಿನಗೇ ಉಳಿಯುತ್ತೆ. ಅವಳೊಬ್ಬಳು ಹೋಗ್ಲಿ."

ಅವಳಿಗೆ ಆ ಗಳಿಗೆಯಷ್ಟು ಭಯ ಹಿಂದೆಂದೂ ಆಗಿರಲಿಲ್ಲ. ಗಂಡನ ಮುಖ ನೋಡುವ ಧೈರ್ಯವೂ ಬರಲಿಲ್ಲ.

"ಗೊತ್ತಿತ್ತು ಸ್ವಾಮಿ," ಅಂದ ಅವನು. "ಅವಳ ಕೆಲಸದಲ್ಲಿ ತಪ್ಪಿಲ್ಲ. ಉಜ್ಜೋದು ಮರೆತವನು ನಾನು."

ಕಾವಲುಗಾರರು ಅರ, ಸುತ್ತಿಗೆ, ಇಕ್ಕಳ ಎಲ್ಲ ಚೀಲಕ್ಕೆ ತುಂಬತೊಡಗಿದರು. ಮುಂಗವಚ ಬಟ್ಟೆಬರೆಯ ಲೆಕ್ಕವೆಂದು ಬಿಟ್ಟರು. "ಗಂಟು ಸಡಿಲಾಗಿದೆ, ನಿಲ್ಲು" ಎಂದು ಗಂಡ ಅವಳ ಬೆನ್ನ ಹಿಂದೆ ನಿಂತು ಬಹಳ ಹೊತ್ತು ಏನೋ ತಡಕಾಡಿದ.

ಇಬ್ಬರೂ ಕೋಟೆ ಬಾಗಿಲು ದಾಟಿದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಮುಂಗವಚದ ಮೇಲಿಟ್ಟಳು. ಎಡಮಗ್ಗುಲಲ್ಲಿ, ಅವಳ ಕೈಗೆ ಸರಿಯಾಗಿ, ಒಳಗೊಂದು ಸಪೂರ ಜೇಬು ಹೊಲಿದಿತ್ತು. ಅದರಲ್ಲಿ ಅಪ್ಪನ ಸಣ್ಣ ಅರವಿತ್ತು.

"ಹಿಂತಿರುಗಿ ನೋಡ್ಬೇಡ ಎಡಚಿ," ಅಂದ ಗಂಡ. "ನಡಿ."