ಆರಿದ ಬಿಸಿನೀರು

ಹೋದ ತಿಂಗಳು ಎಣ್ಣೆಸ್ನಾನ ಮುಗಿಸಿದ ನನ್ನ ಅಕ್ಕ ಬಚ್ಚಲಿನಿಂದ ಎದ್ದು ಬರಲಾಗದೆ ಅಲ್ಲೇ ಕೂತುಬಿಟ್ಟಳು. ಕಾಲಿದೆ, ಅವಳ ಮಾತು ಕೇಳುತ್ತಿಲ್ಲ.

ಅವತ್ತು ಮಂಗಳವಾರ ಅಂತ ನನ್ನ ನೆನಪು. (ಅಕ್ಕ ಶುಕ್ರವಾರ ಅನ್ನುತ್ತಾಳೆ. ಮಿಂದವಳು ಅವಳು, ಅವಳ ಮಾತೇ ಇರಲಿ.)

ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಹೊದಿಕೆ ಹಾಳಾಗುವ ಕಾಯಿಲೆ. ವಿಜಯನಗರದ ನಮ್ಮ ಬೀದಿಯಲ್ಲಿ ಆ ಹೆಸರು ಕೇಳಿದವರೇ ಇಲ್ಲ.

"ನರದ ಕಾಯಿಲೆ ಅಂತೀರ, ಮತ್ತೆ ಸೊಂಟ ಯಾಕ್ರೀ ನೋಯತ್ತೆ?" ಎನ್ನುತ್ತಾರೆ ಎದುರುಮನೆ ಆಂಟಿ.

ನ್ಯಾಯವಾದ ಪ್ರಶ್ನೆ. ನಾನೂ ಡಾಕ್ಟರನ್ನು ಕೇಳಿದ್ದೆ. ಅಕ್ಕ ಬಲಗಾಲು ಎಳೆದುಕೊಂಡು ನಡೆಯುತ್ತಾಳಲ್ಲ, ಆ ಕಾಲಿನ ಕೆಲಸವನ್ನೂ ಎಡಸೊಂಟ, ಬೆನ್ನು ಹೊರಬೇಕು. ದಿನಾ ಓವರ್‌ಟೈಮ್. ನೋಯದೆ ಇರುತ್ತವೆಯೇ?

ನೋವಿಗೆ ಅಮ್ಮನ ಬಳಿ ಒಂದೇ ಔಷಧ: ಹರಳೆಣ್ಣೆ ತಿಕ್ಕಿ, ಹಂಡೆಯ ಸುಡುನೀರು ಎರೆಯುವುದು. ತಿಕ್ಕಿದಾಗ ಅಕ್ಕನ ಮುಖ ಸಡಿಲವಾಗುತ್ತದೆ. ನೀರು ಬಿದ್ದಮೇಲೆ ಕಾಲು ಸೋಲುತ್ತದೆ.

"ಎಣ್ಣೆ ಹಚ್ಚಿ ತಿಕ್ಕಿ, ಪರವಾಗಿಲ್ಲ. ಬಿಸಿನೀರು ಮಾತ್ರ ಬೇಡ. ಇವರಿಗೆ ಮೈ ಕಾದ್ರೆ ಶಕ್ತಿ ಉಡುಗತ್ತೆ," ಎಂದರು ಡಾಕ್ಟರ್, ಬಚ್ಚಲಲ್ಲಿ ಆದದ್ದನ್ನು ಹೇಳಿದಾಗ.

ಮನೆಗೆ ಬಂದದ್ದೇ ಅಮ್ಮ ಸಿಡಿದರು. "ಎಣ್ಣೆ ಹಚ್ಚಿದ ಮಗಳ ತಲೆಗೆ ತಣ್ಣೀರು ಹುಯ್ಯಲಾ? ಸಾವಿನ ಸುದ್ದಿ ಬಂದಾಗ ಹುಯ್ಕೊಳೋದು ಅದು!"

"ಹಾಗಾದ್ರೆ ಎಣ್ಣೆನೂ ಬೇಡ ಬಿಡಮ್ಮಾ," ಎಂದಳು ಅಕ್ಕ.

ಬಿಟ್ಟರು. ಅಕ್ಕ ಹಲ್ಲು ಕಚ್ಚಿಕೊಂಡು ಮಗ್ಗಲು ಬದಲಿಸುವುದನ್ನು ಅಮ್ಮ ಕೆಲವು ದಿನ ನೋಡಿದರು.

ಈ ವಾರ ಒಂದು ಬೆಳಗ್ಗೆ ಬಚ್ಚಲಿನಿಂದ ಹೊಗೆ! ಓಡಿದೆ.

"ಮತ್ತೆ ಹಂಡೆಗೆ ಉರಿ ಹಾಕಿದ್ಯಾ ಅಮ್ಮಾ?"

"ಸುಮ್ನಿರೋ."

ಕುದಿದ ನೀರು ಬಕೆಟ್ಟಿನಲ್ಲಿತ್ತು. ಪಕ್ಕದಲ್ಲಿ ಕೂತ ಅಮ್ಮ ಆಗಾಗ ಬೆರಳದ್ದಿ ನೋಡುತ್ತಿದ್ದರು. ಮಣೆಯ ಮೇಲೆ ಹಳೆ ನೈಟಿಯಲ್ಲಿ ಅಕ್ಕ, ಮೈಯೆಲ್ಲ ಎಣ್ಣೆ.

"ಎಷ್ಟೊತ್ತಮ್ಮಾ? ಎಣ್ಣೇಲಿ ಕರಿದ ಹಪ್ಪಳ ಮಾಡಿ ಕೂರಿಸಿದ್ಯಲ್ಲ!"

"ಇರೇ, ಇನ್ನೂ ಬಿಸಿ ಇದೆ."

"ಮೊದ್ಲೇ ತಣ್ಣೀರು ತಗೊಂಡಿದ್ರೆ ಆಗ್ತಿರ್ಲಿಲ್ವಾ?"

"ಇದು ತಣ್ಣೀರಲ್ಲ ಕಣೇ. ಆರಿದ ಬಿಸಿನೀರು."

ಸೊಂಟನೋವು ಪೂರ್ತಿ ಹೋಗಿಲ್ಲ. ಆದರೆ ಆ ನೀರಲ್ಲಿ ಮಿಂದ ಅಕ್ಕ ಎದ್ದು ಬಂದಳು. ಗೋಡೆ ಹಿಡಿದು, ತಾನೇ. (ನಗುತ್ತಿದ್ದಳು ಎಂದು ಬರೆಯಲು ಆಸೆ. ನಿಜವಾಗಿ ನೋಡಿದೆನೋ, ಆಮೇಲೆ ಸೇರಿಸಿಕೊಂಡೆನೋ, ಗೊತ್ತಿಲ್ಲ.)

ಬಿಸಿನೀರು ಬೇಡ ಎಂದು ಡಾಕ್ಟರ್ ಹೇಳಿದರು. ಅದು ಆರುವ ತನಕ ಪಕ್ಕದಲ್ಲಿ ಕೂತಿರಿ ಎಂದು ಯಾರು ಹೇಳಿಕೊಡುತ್ತಾರೆ?