ತುದಿ ಕತ್ತರಿಸಿದರೂ ಒಡೆಯದ ಸಂಖ್ಯೆ

ನೀರಿನ ಮೀಟರ್ ತಯಾರಿಸುವ ಕಾರ್ಖಾನೆಯಲ್ಲಿ ಅವಳಿಗೆ ನಂಬರ್ ಒತ್ತುವ ಕೆಲಸ. ಹಿತ್ತಾಳೆ ಪಟ್ಟಿಯ ಮೇಲೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಅಂಕಿಗೊಂದು ಏಟು. ಯಂತ್ರಗಳ ಗದ್ದಲದಲ್ಲಿ ಮಾತಿಗೆ ಆಸ್ಪದವಿಲ್ಲ. ಹಾಗಾಗಿ ಒತ್ತಿದ ಸಂಖ್ಯೆಯನ್ನೇ ಮನಸ್ಸಿನಲ್ಲಿ ಒಡೆಯುತ್ತ ಕೂರುವುದು ಅವಳ ಚಾಳಿ. ಮೂರರಿಂದ ಹೋಗುತ್ತದೆಯೇ? ಏಳರಿಂದ? ಜೊತೆಯ ಹೆಂಗಸರು ಅವಳಿಗೆ ಭಾಗಾಕಾರಮ್ಮ ಎಂದೇ ಹೆಸರಿಟ್ಟಿದ್ದರು.

ಒಮ್ಮೆ ಪಟ್ಟಿಯೊಂದರ ಕೊನೆಯ ಅಂಕಿ ಸೊಟ್ಟಗೆ ಬಿತ್ತು. ಮೇಸ್ತ್ರಿ ಅದನ್ನು ಪಕ್ಕಕ್ಕೆಸೆದ. ಅವಳು ಕೇಳಿ ಮನೆಗೆ ತಂದಳು. 73939133. ಸುಲಭದ ಯಾವ ಸಂಖ್ಯೆಗೂ ಅದು ಬಗ್ಗಿರಲಿಲ್ಲ.

ಎಲ್ಲಿಯವರೆಗೆ ಭಾಗಿಸಿ ನೋಡಿದರೆ ಸಾಕು ಎಂಬುದನ್ನು ಕಾಲೇಜಿನಲ್ಲಿ ಗಣಿತ ಕಲಿಸುವ ನಾದಿನಿ ಹೇಳಿಕೊಟ್ಟಿದ್ದಳು. ಬಿಡುವಾದಾಗೆಲ್ಲ ಕ್ಯಾಲ್ಕುಲೇಟರ್ ಹಿಡಿದು ಕೂತಳು. ಗಂಡ ದರ್ಜಿ, ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. ಹೆಂಡತಿ ಈಗ ನಂಬರಿನ ಜೊತೆ ಸಂಸಾರ ಹೂಡಿದ್ದಾಳೆಂದು ಗಿರಾಕಿಗಳ ಮುಂದೆ ನಗುತ್ತಿದ್ದ. ತಿಂಗಳುಗಳೇ ಹಿಡಿದವು. ಸಂಖ್ಯೆ ಒಡೆಯಲಿಲ್ಲ.

ಅಷ್ಟರಲ್ಲಿ ಗಂಡ ಎಡವಟ್ಟು ಮಾಡಿದ. ಅಂಚು ಅಳೆಯಲು ತಗಡು ಬೇಕಾಗಿ, ಆ ಪಟ್ಟಿಯ ಸೊಟ್ಟ ಅಂಕಿಯನ್ನು ಕತ್ತರಿಸಿಬಿಟ್ಟ. ಅವಳು ಮುಖ ಊದಿಸಿಕೊಂಡು ಎರಡು ದಿನ ಮಾತು ಬಿಟ್ಟಳು. ಆಮೇಲೆ ಮನಸ್ಸು ತಡೆಯದೆ ಉಳಿದದ್ದನ್ನೇ ಭಾಗಿಸತೊಡಗಿದಳು. 7393913. ಅದೂ ಒಡೆಯಲಿಲ್ಲ.

ಗಂಡನ ಬಳಿ ಹೋಗಿ ಪಟ್ಟಿ ಚಾಚಿದಳು.

"ಇನ್ನೊಂದು ಕತ್ತರಿಸಿ."

739391. ಒಡೆಯಲಿಲ್ಲ. 73939. ಇಲ್ಲ. ಪಟ್ಟಿ ಮೋಟಾದಷ್ಟೂ ಲೆಕ್ಕ ಬೇಗ ಮುಗಿಯುತ್ತಿತ್ತು. 7393, 739, 73. ಗಂಡ ಹೊಲಿಗೆ ಬಿಟ್ಟು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಕೊನೆಗೆ ಅವಳ ಅಂಗೈಯಲ್ಲಿ ಉಗುರಿನಷ್ಟು ಹಿತ್ತಾಳೆ, ಅದರ ಮೇಲೊಂದು ಏಳು.

ರಜೆಗೆ ಬಂದ ನಾದಿನಿ ಚೂರುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಬಹಳ ಹೊತ್ತು ನೋಡಿದಳು. ತುದಿ ಕತ್ತರಿಸುತ್ತ ಹೋದರೂ ಅವಿಭಾಜ್ಯವಾಗಿಯೇ ಉಳಿಯುವ ಇಂಥ ಸಂಖ್ಯೆಗಳು ಕೆಲವೇ ಕೆಲವು, ಅವುಗಳಲ್ಲೆಲ್ಲ ದೊಡ್ಡದು ಇದೇ ಎಂದಳು. ಇದರ ಬಾಲಕ್ಕೆ ಯಾವ ಅಂಕಿ ಅಂಟಿಸಿದರೂ ಒಡೆದುಹೋಗುತ್ತದಂತೆ. ಪುಸ್ತಕದಲ್ಲಿ ಓದಿದ್ದಳೇ ಹೊರತು ಹೀಗೆ ಕೈಯಲ್ಲಿ ಹಿಡಿದಿರಲಿಲ್ಲ.

"ಇದನ್ನ ಹೀಗೆ ಮಾಡಿದ್ದು ಯಾರು?" ಭಾಗಾಕಾರಮ್ಮ ಕೇಳಿದಳು.

"ಯಾರೂ ಮಾಡಿಲ್ಲ ಅತ್ತಿಗೆ. ಅದು ಇರೋದೇ ಹಾಗೆ."

"ಎಣಿಸೋಕೆ ಒಬ್ರೂ ಇಲ್ದೇ ಇದ್ದಾಗ್ಲೂ?"

"ಆಗ್ಲೂ."

ಅವಳು ಗೋಡೆಗೊರಗಿದಳು. ಕಣ್ಣು ತುಂಬಿತ್ತು, ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಆ ರಜೆಯಲ್ಲೇ ಅವಳು ನಾದಿನಿಗೆ ಗಂಟುಬಿದ್ದು ಪಾಠ ಹೇಳಿಸಿಕೊಂಡಳು. ಒಡೆಯದ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಎಂಬುದರ ರುಜುವಾತನ್ನು ನಾದಿನಿ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು. ಮೂರನೇ ಸಲಕ್ಕೆ ಅರ್ಥವಾಯಿತು. ಗಂಡ ತಟ್ಟೆ ಹಾಕಿ ಕರೆದ. ಅವಳು ಏಳಲಿಲ್ಲ.