ಐದನೆಯವಳು

ಐದು ಜನ ಒಟ್ಟಿಗೆ ನಿಲ್ಲಬಾರದು ಎಂದು ಸಾರಲು ತಮಟೆಯವನು ಹೊಳೆನರಸೀಪುರದ ಪೇಟೆಯಲ್ಲಿ ಊರನ್ನೇ ಗುಂಪುಗೂಡಿಸಿದ್ದ. ನಾನು ನಕ್ಕುಬಿಟ್ಟೆ. ಮತ್ಯಾರೂ ನಗಲಿಲ್ಲ. ಧಾರವಾಡ ಬಿಟ್ಟು ಇಲ್ಲಿಗೆ ಬಂದ ಮೊದಲ ವರ್ಷದ ಮಾತಿದು.

ನಮ್ಮ ಕಡೆ ಸರ್ಕಾರವೆಂದರೆ ಬಿಳಿಯರದು, ಬೈಯುವುದು ಸಲೀಸು. ಇಲ್ಲಿ ಮಹಾರಾಜರ ಪಟ ದೇವರ ಗೂಡಿನಲ್ಲೇ ಇರುತ್ತದೆ. ಅದಕ್ಕೆ ಕೈಮುಗಿದೇ, ಜನರೇ ಆರಿಸಿದ ಜವಾಬ್ದಾರಿ ಸರ್ಕಾರ ಬೇಕೆಂದು ಬೀದಿಗಿಳಿಯುತ್ತಾರೆ. ಇದೆಂಥ ಜಗಳವೋ ನನಗೆ ಬಗೆಹರಿಯಲಿಲ್ಲ. ದರ್ಜಿಯಾದ ನನ್ನ ಗಂಡನಿಗೆ ಬೇಗ ಬಗೆಹರಿಯಿತು. ಚಳವಳಿಯವರಿಗೆ ಬಾವುಟ ಹೊಲಿದುಕೊಟ್ಟ, ಲಾಕಪ್ಪು ಸೇರಿದ. ಅವನ ಮೈಯಲ್ಲಿ ಜ್ವರವಿತ್ತು. ಇಲ್ಲಿಯವರು ಅಗಿಯದೆ ನುಂಗುವ ರಾಗಿ ಮುದ್ದೆ ಅವನ ಗಂಟಲಲ್ಲಿ ಇಳಿಯದು. ಮನೆ ಬಾಡಿಗೆಗೆ ಕೊಟ್ಟವರು ಮಾತು ನಿಲ್ಲಿಸಿದರು. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಒದ್ದಾಡಿದೆ.

ಎದುರುಮನೆಯ ನಿಂಗಮ್ಮನ ಮಗನೂ ಒಳಗಿದ್ದ. ಈ ಊರಿನವಳಾಗಬೇಕೆಂದು ನಾನು ಇಲ್ಲಿಯ ಮಾತು ಕಲಿಯುತ್ತಿದ್ದುದು ನಿಂಗಮ್ಮನ ಹತ್ತಿರವೇ. ಅವಳು ಇನ್ನು ಮೂವರು ಹೆಂಗಸರನ್ನು ಕಟ್ಟಿಕೊಂಡು ದಿನಾ ಮಧ್ಯಾಹ್ನ ಠಾಣೆಗೆ ಊಟ ಒಯ್ಯುತ್ತಿದ್ದಳು. ನಾಲ್ವರೇ ಆದದ್ದರಿಂದ ಪೊಲೀಸರು ಸುಮ್ಮನಿದ್ದರು.

"ನೀನೂ ಬಾರವ್ವ, ನಾಕು ಮಾರು ಇಂದೆ ಬಾ," ಎಂದಳು.

ನಮ್ಮೂರಲ್ಲಿ ಬುತ್ತಿ ಹೊತ್ತ ಹೆಂಗಸರು ಜೊತೆಬಿಟ್ಟು ನಡೆಯುವುದಿಲ್ಲ. ಜೋಳದ ರೊಟ್ಟಿಯ ಗಂಟು ಹಿಡಿದಿದ್ದ ನಾನು ಅಭ್ಯಾಸಬಲದಿಂದ ಓಡಿ ಅವರನ್ನು ಕೂಡಿಕೊಂಡೆ. ಅದೂ ಠಾಣೆಯ ಬಾಗಿಲಲ್ಲೇ.

"ಐದಾಯ್ತು. ಎಲ್ರೂ ವಾಪಸ್ ಓಗಿ," ಎಂದ ಪೇದೆ.

ನನ್ನಿಂದಾಗಿ ಒಳಗಿದ್ದವರೆಲ್ಲ ಉಪವಾಸ ಬೀಳುತ್ತಾರಲ್ಲ ಎಂದು ಪೇದೆಗೆ ಕೈಮುಗಿದೆ. "ತಪ್ಪು ನಂದರೀ, ಅವರನ್ನ ಬಿಡ್ರಿ," ಎಂದೆ.

ನಿಂಗಮ್ಮ ಕದಲಲಿಲ್ಲ. "ಒಳಗಿರೋರ್ಗೆ ಊಟ ಕೊಡಾದು ನಮ್ ಅಕ್ಕು ಸಾ. ನಿಮ್ ಕಾನೂನೂ ಮುರಿದಿಲ್ಲ, ಊರೋರು ನಾವು ನಾಲ್ಕೇ ಜನ. ಇವ್ಳ ಮಾತು ಕೇಳಿದ್ರಲ್ಲ, ಬ್ಯಾರೆ ಸೀಮೆಯೋಳು. ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಪೇದೆ ಬಂದ ನಗೆಯನ್ನು ಮೀಸೆಯಲ್ಲೇ ತಡೆದು ದಾರಿ ಬಿಟ್ಟ. ಸರಳಿನಾಚೆ ಕೂತು ಗಂಡ ರೊಟ್ಟಿ ಮುರಿದು ತಿಂದ. ನನಗೆ ಅಳು ಬಂತು. ಅವನು ಉಂಡನೆಂಬ ಸಂತೋಷ ಒಂದು ಕಡೆ. ಈ ಊರಿನವಳಾಗಲು ಅಷ್ಟು ಹೆಣಗಿದ್ದ ನನ್ನನ್ನು, ಇಲ್ಲಿ ನನಗಿದ್ದ ಒಬ್ಬಳೇ ಗೆಳತಿಯೇ ಎಲ್ಲರೆದುರು ಹೊರಗಿಟ್ಟಳಲ್ಲ ಎಂಬ ನೋವು ಇನ್ನೊಂದು ಕಡೆ. ಧಾರವಾಡದ ತವರಿಗೆ ಇದನ್ನು ಹೇಗೆ ಬರೆಯಲಿ?

ಹಿಂದಿರುಗುವಾಗ ನಿಂಗಮ್ಮ ನನ್ನ ಕೈ ಹಿಡಿದುಕೊಂಡಳು.

"ನಾಳೆಯಿಂದ ಜೊತೇಲೇ ಬಾ. ಅವ್ರು ಬಿಡುಗಡೆ ಆಗಗಂಟ ನಮ್ ಮಾತು ಮಾತ್ರ ಕಲೀಬ್ಯಾಡ ಕಣವ್ವ."